ತೆಗೆದಿಟ್ಟ ಹನ್ನೊಂದು ಪುಟ

ಪಿಎಚ್.ಡಿ. ಮಾರ್ಗದರ್ಶಕರಿಗೆ ಮಾರ್ಗದರ್ಶನ ಮಾಡುವುದನ್ನು ಕಲಿಸಲೆಂದು ನಮ್ಮ ಸಂಸ್ಥೆ ಎರಡು ದಿನದ ತರಬೇತಿ ಏರ್ಪಡಿಸಿತು. ಹದಿನೇಳು ಮಂದಿ ಪ್ರಾಧ್ಯಾಪಕರಲ್ಲಿ ಹದಿನಾಲ್ಕು ಮಂದಿ, ಇದು ಉಳಿದ ಮೂವರಿಗಾಗಿ ಮಾಡಿದ್ದು ಎಂದು ಮನಸಾರೆ ನಂಬಿದ್ದರು. ಆ ಮೂವರು ರಜೆ ಹಾಕಿದ್ದರು.

ನಾನು ಅಲ್ಲಿಯ ಸಂಶೋಧನಾ ವಿಭಾಗದ ಅಧೀಕ್ಷಕ, ಮುದಕಪ್ಪ. ಗದಗ-ಬೆಟಗೇರಿಯ ಅಂಚಿನಲ್ಲಿರುವ ಈ ಸಣ್ಣ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಪ್ರಬಂಧಗಳನ್ನು ಸ್ವೀಕರಿಸುತ್ತಿದ್ದೇನೆ. ಸಹಿ ಇದೆಯೇ, ಮೊಹರು ಇದೆಯೇ, ಅವಧಿ ಮೀರಿಲ್ಲವೇ ಎಂದು ನೋಡುವುದಷ್ಟೇ ನನ್ನ ಕೆಲಸ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಅವುಗಳನ್ನು ಓದುವುದು ನನ್ನ ಚಟ. ಎಷ್ಟೋ ಪ್ರಬಂಧಗಳಿಗೆ, ಬರೆದವರನ್ನು ಬಿಟ್ಟರೆ, ನಾನೊಬ್ಬನೇ ಓದುಗ. ಕೆಲವನ್ನು ಬರೆದವರೂ ಓದಿದಂತೆ ಕಾಣುವುದಿಲ್ಲ.

ತರಬೇತಿಯ ಎರಡು ದಿನ ನನ್ನನ್ನು ನೋಂದಣಿ ಮೇಜಿಗೆ ಹಾಕಿದ್ದರು. ಸಭಾಂಗಣದ ಬಾಗಿಲ ಹೊರಗೆ, ವರಾಂಡದಲ್ಲಿ ಮೇಜು. ಮೇಜಿನ ಮೇಲೆ ಒಂದು ಬುಟ್ಟಿ. ಒಳಗೆ ಹೋಗುವವರು ಮೊಬೈಲನ್ನು ಅದರಲ್ಲಿ ಹಾಕಿ ಹೋಗಬೇಕು. ಇದು ಮೈಸೂರಿನಿಂದ ಬಂದಿದ್ದ ತರಬೇತುದಾರೆ ಡಾ. ವಾಣಿಶ್ರೀಯವರ ಕಟ್ಟಳೆ. ಹದಿನಾಲ್ಕು ಮಂದಿ ಡಾಕ್ಟರೇಟ್ ಪಡೆದವರು ಶಾಲೆಯ ಮಕ್ಕಳಂತೆ ಮುಖ ಸಣ್ಣದು ಮಾಡಿಕೊಂಡು ಮೊಬೈಲು ಕೊಟ್ಟು ಒಳಗೆ ಹೋಗುವುದನ್ನು ನೋಡಿದೆ. ಸುಳ್ಳೇಕೆ ಹೇಳಲಿ, ಸಂತೋಷವಾಯಿತು.

ಮೇಜಿನ ಎದುರಿಗೆ ಒಂದು ಬೆಂಚು. ಅದರ ಮೇಲೆ ಎರಡೂ ದಿನ ಫರ್ಹಾನಾ ಕೂತಿದ್ದಳು.

ಫರ್ಹಾನಾ ಲಕ್ಷ್ಮೇಶ್ವರದ ಹುಡುಗಿ. ಶಿರಹಟ್ಟಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಲಕ್ಷ್ಮೇಶ್ವರದಲ್ಲಿ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿಗಳಲ್ಲಿ ಕಾಳು ಹಸನು ಮಾಡಿದ ಹೆಣ್ಣುಮಕ್ಕಳ ಬಗ್ಗೆ ಅವಳ ಸಂಶೋಧನೆ; ಅವಳ ತಾಯಿ ರಮಜಾನಬಿಯೂ ಒಂದು ಕಾಲಕ್ಕೆ ಅಂಥ ಅಂಗಡಿಯಲ್ಲಿ ಜರಡಿ ಹಿಡಿದವರು. ಅವಧಿ ಮುಗಿದು, ಎರಡು ಬಾರಿ ಮುಂದೂಡಿ, ಒಟ್ಟು ಆರು ವರ್ಷವಾಗಿತ್ತು. ಆ ಎರಡನೆಯ ದಿನದ ಸಂಜೆ ಐದೂವರೆಯೊಳಗೆ ಪ್ರಬಂಧ ನನ್ನ ಕೈಸೇರದಿದ್ದರೆ ನೋಂದಣಿ ರದ್ದು. ಪ್ರಬಂಧ ಸಿದ್ಧವಿತ್ತು. ನಾಲ್ಕು ಪ್ರತಿ ಸ್ಪೈರಲ್ ಹಾಕಿಸಿ ಚೀಲದಲ್ಲಿ ತಂದಿದ್ದಳು. ಇಲ್ಲದಿದ್ದದ್ದು ಒಂದೇ, ಮಾರ್ಗದರ್ಶಕರ ಸಹಿ.

ಮಾರ್ಗದರ್ಶಕರು ಡಾ. ಸಿದ್ದಲಿಂಗೇಶ ಉಮಚಗಿ. ಅವರನ್ನು ಕೆಟ್ಟವರೆನ್ನಲು ಯಾರಿಗೂ ಬಾಯಿ ಬರುವುದಿಲ್ಲ. ವಿದ್ಯಾರ್ಥಿಗಳಿಂದ ಒಂದು ತೆಂಗಿನಕಾಯಿಯನ್ನೂ ಮುಟ್ಟಿದವರಲ್ಲ. ಬೇರೆ ಗೈಡುಗಳು ಮುಖಪುಟ ನೋಡಿ ಸಹಿ ಹಾಕುವ ಕಾಲದಲ್ಲಿ ಅವರು ಪ್ರತಿ ಅಧ್ಯಾಯವನ್ನೂ ಓದಿ, ಕೊನೆಯಲ್ಲಿ ‘ಓದಿದೆ’ ಎಂದು ಬರೆದು ತಾರೀಖು ಹಾಕುತ್ತಿದ್ದರು. ಓದದೆ ಸಹಿ ಮಾಡಬಾರದು ಎಂಬುದು ಅವರ ನೇಮ. ಓದುವುದು ಮಾತ್ರ ಯಾವಾಗಲೂ ಬರುವ ವಾರ. ಆರು ವರ್ಷಗಳಲ್ಲಿ ಫರ್ಹಾನಾಳ ನಾಲ್ಕು ಅಧ್ಯಾಯ ಓದಿದ್ದರು. ಐದನೆಯದು, ಕೊನೆಯದು, ಅವರ ಮನೆಗೆ ಹೋಗಿ ಐದು ತಿಂಗಳಾಗಿತ್ತು.

‘ಸರ್ ಒಳಗ ಅದಾರೇನ್ರಿ?’ ಎಂದು ಮೊದಲ ದಿನ ಬೆಳಿಗ್ಗೆ ಬಂದವಳೇ ಕೇಳಿದ್ದಳು.

‘ಅದಾರ. ಮಂದಿ ಮಾತು ಹೆಂಗ ಕೇಳಬೇಕಂತ ಕಲಿಯಾಕ ಹತ್ಯಾರ.’

ಅವಳು ನಗಲಿಲ್ಲ. ನಾನು ಆ ಮಾತನ್ನು ನುಂಗಬೇಕಾಗಿತ್ತು.

ಬಾಗಿಲಿನಿಂದ ಒಳಗಿನ ಮಾತು ಚೆನ್ನಾಗಿ ಕೇಳುತ್ತಿತ್ತು. ಮೊದಲ ದಿನ ವಾಣಿಶ್ರೀಯವರು, ಕೇಳಿಸಿಕೊಳ್ಳುವುದನ್ನು ನಿಮಗೆ ಕಲಿಸಿದವರು ಯಾರು ಹೇಳಿ ಎಂದು ಒಬ್ಬೊಬ್ಬರನ್ನೇ ಎಬ್ಬಿಸಿದ್ದರು. ಬಹಳ ಮಂದಿ ತಾಯಿಯ ಹೆಸರು ಹೇಳಿ ಪಾರಾದರು. ಉಮಚಗಿ ಸರ್ ಮಾತ್ರ ಬೇರೆ ಹೇಳಿದರು.

‘ನನಗ ಕೇಳೂದು ಕಲಿಸಿದ್ದು ಲಕ್ಷ್ಮೇಶ್ವರದಾಗಿನ ನಮ್ಮಪ್ಪನ ಅಂಗಡಿ, ಮೇಡಂ. ಇಪ್ಪತ್ತು ಹೆಣ್ಣಮಕ್ಕಳು ಶೇಂಗಾ ಹಸನ ಮಾಡಾಕ ಬರತಿದ್ರು. ಮುಂಜಾನಿಂದ ಸಂಜಿತನಕ ಹಾಡಾ. ಎಂಥಾ ಹಾಡು ಅಂತೀರಿ! ನಾ ಸಣ್ಣಾಂವ, ಚೀಲದ ಮ್ಯಾಲ ಕುಂತು ಕೇಳತಿದ್ದೆ. ಕಣ್ಣು ಮುಚ್ಚಿದ್ರೂ ಇದು ಯಾರ ದನಿ ಅಂತ ಹೇಳತಿದ್ದೆ.’

ಚಪ್ಪಾಳೆ ಬಿತ್ತು. ಬೆಂಚಿನ ಮೇಲೆ ಫರ್ಹಾನಾ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ನಿದ್ದೆ ಬಂದಿರಬೇಕು ಎಂದುಕೊಂಡೆ.

ಎರಡನೆಯ ದಿನ ಊಟವಾದ ಮೇಲೆ ಪಾತ್ರಾಭಿನಯ. ಗೈಡುಗಳಲ್ಲೇ ಒಬ್ಬರು ವಿದ್ಯಾರ್ಥಿಯಾಗಬೇಕು, ಇನ್ನೊಬ್ಬರು ಗೈಡಾಗಿಯೇ ಉಳಿಯಬೇಕು.

‘ಉಮಚಗಿ ಸರ್, ನೀವು ವಿದ್ಯಾರ್ಥಿ. ಹೊರಗೆ ಕೂತಿರಿ. ಕರೆದ ಮೇಲೆ ಒಳಗೆ ಬಂದು ನಿಮ್ಮ ಕಷ್ಟ ಹೇಳಿಕೊಳ್ಳಬೇಕು’ ಎಂದರು ವಾಣಿಶ್ರೀ. ‘ಚನ್ನಬಸವಣ್ಣ ಸರ್, ನೀವು ಗೈಡು.’

‘ನಾ ಮೀಟಿಂಗದಾಗ ಅದೇನಿ ಅಂತ ಹೇಳ್ರಿ ಅಂವಗ’ ಎಂದಿತು ಚನ್ನಬಸವಣ್ಣನವರ ದನಿ. ‘ಮುಂದಿನ ಸೋಮವಾರ ಬರಲಿ. ಬರೂಮುಂದ ಒಂದ ಫೋನ್ ಮಾಡ್ಲಿ, ನಾ ಎತ್ತಂಗಿಲ್ಲ.’

ಒಳಗೆ ನಗೆಯೋ ನಗೆ. ಆ ನಗೆಯ ನಡುವೆಯೇ ಉಮಚಗಿ ಸರ್ ಹೊರಗೆ ಬಂದರು. ಬಾಗಿಲು ಮುಚ್ಚಿತು. ವರಾಂಡದಲ್ಲಿ ಇದ್ದದ್ದು ಒಂದೇ ಬೆಂಚು.

ಫರ್ಹಾನಾ ದಡಕ್ಕನೆ ಎದ್ದು ನಿಂತಳು.

‘ಕುಂಡ್ರವಾ, ಕುಂಡ್ರು. ಈಗ ನಾನೂ ವಿದ್ಯಾರ್ಥಿನ’ ಎಂದು ನಗುತ್ತ ಅವರು ಒಂದು ತುದಿಗೆ ಕೂತರು. ಅವಳು ಇನ್ನೊಂದು ತುದಿಗೆ ಕೂತಳು.

ಎರಡು ನಿಮಿಷದ ಆಟ ಅದು. ಆದರೆ ಅಷ್ಟರಲ್ಲಿ ನಾಲ್ಕಕ್ಕೆ ಬರಬೇಕಾಗಿದ್ದ ನಿರ್ದೇಶಕರು ಎರಡೂ ಮುಕ್ಕಾಲಿಗೇ ಬಂದು ಹಿಂಬಾಗಿಲಿನಿಂದ ನೇರ ವೇದಿಕೆ ಹತ್ತಿದರು. ನಮ್ಮಲ್ಲಿ ನಿರ್ದೇಶಕರು ಮಾತನಾಡುವಾಗ ಯಾರೂ ಒಳಗೆ ಹೋಗುವುದಿಲ್ಲ, ಹೊರಗೆ ಬರುವುದೂ ಇಲ್ಲ. ಹೀಗೆಂದು ಎಲ್ಲಿಯೂ ಬರೆದಿಲ್ಲ. ಹಿಂದೊಮ್ಮೆ ಕೆಮ್ಮು ಬಂದು ಎದ್ದುಹೋದವರೊಬ್ಬರ ಬಡ್ತಿ ನಿಂತಿತೆಂದು ಹೇಳುತ್ತಾರೆ, ಅಷ್ಟೆ. ಉಮಚಗಿ ಸರ್ ಕರೆಯದೆ ಒಳಗೆ ಹೋಗುವವರಲ್ಲ. ಕರೆಯಬೇಕಾದವರು ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಮೊಬೈಲು ನನ್ನ ಬುಟ್ಟಿಯಲ್ಲಿತ್ತು.

ಹತ್ತು ನಿಮಿಷ ಇಬ್ಬರೂ ಎದುರಿನ ಗೋಡೆ ನೋಡಿದರು. ಕೊನೆಗೆ ಅವಳೇ ಮಾತು ತೆಗೆದಳು.

‘ಸರ್, ಇವತ್ತ ಕಡೀ ದಿನಾರಿ.’

‘ಗೊತ್ತೈತಿ. ಐದನೇ ಅಧ್ಯಾಯ ಒಂದ ಉಳದೈತಿ. ನನ್ನ ರೀತಿ ನಿನಗ ಗೊತ್ತಲ್ಲ, ಓದದ ಸಹಿ ಮಾಡಂಗಿಲ್ಲ. ಬರೂ ವಾರ ಮುಗಸೋಣು.’

ನಾನು ನಡುವೆ ಬಾಯಿ ಹಾಕಿದೆ. ‘ಸರ್, ಬರೂ ವಾರ ಅನ್ನೂದಿಲ್ರಿ. ಐದೂವರಿಗೆ ರದ್ದ ಆಗತೈತಿ.’

‘ರದ್ದ? ಮುದಕಪ್ಪ, ನೀವು ನನಗ ಮೊದಲ ಹೇಳಬಾರದ?’

‘ಮೂರು ನೋಟೀಸು ಕಳಿಸೇನ್ರಿ.’

ಆ ಮೂರೂ ಅವರ ಕೋಣೆಯ ಮೇಜಿನ ಮೇಲೆ, ಒಡೆಯದ ಲಕೋಟೆಗಳಲ್ಲಿ, ಒಂದರ ಮೇಲೊಂದು ಇದ್ದದ್ದನ್ನು ನಾನೇ ನೋಡಿದ್ದೆ. ನೋಡಿಯೂ ಬಾಯಿಬಿಟ್ಟು ಹೇಳಿರಲಿಲ್ಲ. ನೋಟೀಸು ಕಳಿಸಿದ ಮೇಲೆ ನನ್ನ ಕೆಲಸ ಮುಗಿಯಿತು ಎಂಬುದು ನನ್ನ ನೇಮವಾಗಿತ್ತು.

ಫರ್ಹಾನಾ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: ‘ಸರ್, ಆ ಪುಟಾ ತಗದೇನ್ರಿ. ಹನ್ನೊಂದೂ ತಗದೇನಿ. ಈಗಾದ್ರೂ ಸಹಿ ಮಾಡ್ರಿ.’

‘ಯಾವ ಪುಟ?’

ಅವಳು ಅವರ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

‘ಅದ ಸರ್... ಅಂಗಡೀದು. ನಿಮಗ ಸಿಟ್ಟ ಬಂದೈತಿ ಅಂತ ತಿಳಕೊಂಡಿದ್ದೆ. ಐದ ತಿಂಗಳಾತು, ನೀವು ಬೇಕೂ ಅನಲಿಲ್ಲ, ಬ್ಯಾಡಾನೂ ಅನಲಿಲ್ಲ. ಫೋನ್ ಮಾಡಿದ್ರ ನೋಡೋಣು ಅಂತಿದ್ರಿ. ಓದಿ ಮನಸಿಗೆ ಹತ್ತೇತಿ ಅಂತ ನಾನ ತಗದೆ.’

‘ನನಗ್ಯಾಕ ಸಿಟ್ಟ?’ ಎಂದವರು ಅಲ್ಲಿಗೇ ನಿಂತರು. ಮಾರ್ಚಿನಲ್ಲಿ ಕೊಟ್ಟ ಅಧ್ಯಾಯದ ಒಂದು ಹಾಳೆಯನ್ನೂ ತಾವು ತಿರುವಿಲ್ಲ ಎಂಬುದು ಆ ಪ್ರಶ್ನೆಯಲ್ಲೇ ಹೊರಬಿದ್ದಿತ್ತು. ಅವಳು ಐದು ತಿಂಗಳು ಹೆದರಿದ್ದು ಅವರ ಸಿಟ್ಟಿಗೆ. ಅವರಿಗೆ ಸಿಟ್ಟು ಬರುವಷ್ಟು ವಿಷಯವೇ ಗೊತ್ತಿರಲಿಲ್ಲ.

‘ಎಲ್ಲ್ಯದಾವು ಆ ಪುಟ? ಕೊಡು.’

‘ಬ್ಯಾಡ್ರಿ ಸರ್.’

‘ಕೊಡು ಅಂದೆ.’

ಅವಳು ಚೀಲದ ತಳದಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದಳು. ಅವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಒಳಗೆ ಮೈಕಿನಲ್ಲಿ ನಿರ್ದೇಶಕರು, ಗುರುವಾದವನಿಗೆ ತಾಯಿಯ ಹೃದಯವಿರಬೇಕು ಎನ್ನುತ್ತಿದ್ದರು.

ಆ ಹನ್ನೊಂದು ಪುಟಗಳನ್ನು ಆಮೇಲೆ ನಾನೂ ಓದಿದ್ದೇನೆ. ಅಂಗಡಿಯ ಹೆಸರಿಲ್ಲ. ಸೋಮೇಶ್ವರ ಗುಡಿಯ ಹಾದಿಯಲ್ಲಿದ್ದ, ನೀಲಿ ಬಾಗಿಲಿನ ಅಡತಿ ಅಂಗಡಿ ಎಂದಷ್ಟೇ ಇದೆ. ಲಕ್ಷ್ಮೇಶ್ವರದವರಿಗೆ ಅಷ್ಟು ಸಾಕು. ಅಲ್ಲಿ ದುಡಿದ ಒಂಬತ್ತು ಮುದುಕಿಯರ ಮಾತು ಅವಳು ಬರೆದುಕೊಂಡಿದ್ದಳು. ಶೇಂಗಾ ಹಸನು ಮಾಡುವಾಗ ಹಾಡಲೇಬೇಕು ಎಂದು ಮಾಲೀಕರು ಕಟ್ಟು ಮಾಡಿದ್ದರು. ಹಾಡುತ್ತಿದ್ದರೆ ಕಾಳು ಬಾಯಿಗೆ ಹಾಕಿಕೊಳ್ಳಲು ಬರುವುದಿಲ್ಲ ಎಂದು. ಹಾಡು ಬಾರದವರು ಉಳಿದವರ ಸಂಗಡ ಸುಮ್ಮನೆ ‘ಆ’ ಎಂದು ದನಿ ತೆಗೆಯಬೇಕು. ಇಪ್ಪತ್ತು ದನಿಗಳಲ್ಲಿ ಯಾವುದು ನಿಂತಿತೆಂದು ಹಿಡಿಯಲು ಮಾಲೀಕರು ತಮ್ಮ ಎಂಟು ವರ್ಷದ ಮಗನನ್ನು ಚೀಲಗಳ ಮೇಲೆ ಕೂರಿಸುತ್ತಿದ್ದರು. ಹುಡುಗನ ಕಿವಿ ಬಲು ಚುರುಕಾಗಿತ್ತೆಂದು ಒಂಬತ್ತರಲ್ಲಿ ಏಳು ಮಂದಿ ಹೇಳಿದ್ದರು.

ಕೊನೆಯ ಎರಡು ಪುಟ ನೀಲಗಂಗವ್ವ ಎಂಬವರ ಮಾತು, ಅವರು ಆಡಿದ ಹಾಗೆಯೇ ಇತ್ತು:

‘ನನಗ ಆಗ ಏಳು ತಿಂಗಳು. ಉಸುರು ಹತ್ತಿ ನಿಂದರಿಸಿದೆ. ಹುಡುಗ ಕೂಗಿದ, ನೀಲಗಂಗವ್ವ ಸುಮ್ಮಾದ್ಲು ಅಂತ. ಮಾಲಕರು ಬಂದು ಎಲ್ಲಾರ ಮುಂದ ಬಾಯಿ ತೆಗಿಸಿ ನೋಡಿದ್ರು. ಬಾಯಾಗ ಏನೂ ಇರಲಿಲ್ಲ. ಆದ್ರೂ ಮರುದಿನದಿಂದ ಕರೀಲಿಲ್ಲ. ಹುಡುಗಂದೇನು ತಪ್ಪಿಲ್ಲ ಬಿಡವಾ. ಅಂವಗ ಅದು ಆಟ.’

ಉಮಚಗಿ ಸರ್ ಓದಿ ಮುಗಿಸಿದರು. ಮತ್ತೆ ಮೊದಲಿನಿಂದ ಓದಿದರು. ಎರಡನೆಯ ಸಲ ಮುಗಿಯುವಾಗ ನಾಲ್ಕಾಗಲು ಹತ್ತು ನಿಮಿಷವಿತ್ತು. ಕನ್ನಡಕ ತೆಗೆದು, ಒರೆಸದೆ, ತೊಡೆಯ ಮೇಲೆ ಇಟ್ಟುಕೊಂಡರು.

‘ಸುಮ್ಮಾದವ್ರ ಹೆಸರು ಹೇಳಿದ್ರ ಅಪ್ಪ ನನಗ ಒಂದ ಮುಟಗಿ ಶೇಂಗಾ ಕೊಡತಿದ್ರು’ ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ. ‘ಬೆಲ್ಲದ ಚೂರ ಇಟ್ಟು ಕೊಡತಿದ್ರು. ಇದು ನೀ ಬರದಿಲ್ಲ.’

‘ಯಾರೂ ಹೇಳಲಿಲ್ರಿ.’

‘ಹೆಂಗ ಹೇಳತಾರ? ಅವ್ರಿಗೆ ಗೊತ್ತಿರಲಿಲ್ಲ. ಒಳಗ, ಅಪ್ಪ ಕುಂಡ್ರೂ ಗಾದಿ ಹಿಂದ ಕರದು ಕೊಡತಿದ್ರು. ಬರಕೋ.’

‘ಈಗ ಬರಿಯಾಕ ಹೊತ್ತಿಲ್ರಿ ಸರ್.’

ಆರು ವರ್ಷಗಳಲ್ಲಿ ಆ ಪ್ರಬಂಧಕ್ಕೆ ಮಾರ್ಗದರ್ಶಕರಿಂದ ದೊರೆಯಬಹುದಾಗಿದ್ದ ಅತ್ಯಂತ ಮುಖ್ಯ ಮಾಹಿತಿ ಅದು. ಅವಳು ಹೇಳಿದ್ದು ನಿಜ, ಹೊತ್ತಿರಲಿಲ್ಲ.

ಅವರು ಸಭಾಂಗಣದ ಬಾಗಿಲು ನೋಡಿ ಕೇಳಿದರು: ‘ನಿನ್ನೆ ನಾ ಒಳಗ ಹಾಡಿನ ಸುದ್ದಿ ಹೇಳಿದಾಗ ನೀ ಇಲ್ಲೇ ಇದ್ದ್ಯಾ?’

‘ಇದ್ದೆನ್ರಿ.’

ಅವರು ಪುಟಗಳನ್ನು ಅಂಚು ಕೂಡಿಸಿ ಜೋಡಿಸಿದರು. ‘ಇವನ್ನ ಒಳಗ ಹಾಕು’ ಎಂದರು.

‘ಬ್ಯಾಡ್ರಿ. ನಿಮ್ಮ ಮನಿತನದ ಮಾತು. ಬಜಾರದಾಗ ಎಲ್ಲಾರಿಗೂ ತಿಳೀತೈತಿ. ನನಗ ಪದವಿ ಸಿಕ್ರ ಸಾಕ್ರಿ. ಈ ವರ್ಷ ಪಿಎಚ್.ಡಿ. ಇಲ್ಲಾಂದ್ರ ಕಾಲೇಜದಾಗ ತಗೊಳ್ಳಂಗಿಲ್ಲ ಅಂದಾರ. ನಮ್ಮ ತಾಯೇರೂ ಹಂಗ ಅಂದ್ರು, ತಗದ ಹಾಕವಾ, ದೊಡ್ಡವ್ರ ಉಸಾಬರಿ ನಮಗ್ಯಾಕ ಅಂತ. ಇದ್ದಂಗ ಸಹಿ ಮಾಡ್ರಿ.’

‘ಫರ್ಹಾನಾ, ಈ ಅಧ್ಯಾಯದಾಗ ನಾ ಓದಿದ್ದು ಈ ಹನ್ನೊಂದ ಪುಟ. ಓದಿದ್ದನ್ನ ತಗದು, ಓದಲಾರದ್ದಕ್ಕ ಸಹಿ ಮಾಡು ಅಂತೀಯಲ್ಲ?’

ತರ್ಕ ಸರಿಯಾಗಿತ್ತು. ಅವರ ತರ್ಕ ಯಾವಾಗಲೂ ಸರಿಯೇ ಇರುತ್ತಿತ್ತು. ಆದರೆ ಈ ಸಲ ದನಿ ಬೇರೆ ಇತ್ತು. ಅವಳು ಅದನ್ನು ಕೇಳಿಸಿಕೊಂಡಳು. ಚೀಲದಿಂದ ನಾಲ್ಕೂ ಪ್ರತಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಇಟ್ಟಳು. ನಾನು ಒಂದನ್ನು ತೆರೆದೆ. ಇನ್ನೂರ ಹನ್ನೊಂದನೆಯ ಪುಟವಾದ ಮೇಲೆ ಇನ್ನೂರ ಇಪ್ಪತ್ಮೂರು.

‘ನಂಬರ ಬದಲಿ ಮಾಡಿಲ್ಲೇನು?’

‘ಕೈ ಬರಲಿಲ್ರಿ’ ಎಂದಳು.

ಹನ್ನೊಂದು ಪುಟ, ನಾಲ್ಕು ಪ್ರತಿ. ಉಮಚಗಿ ಸರ್ ಹಾಳೆಗಳನ್ನು ಹಿಡಿದು ಎದ್ದು ನಿಂತರು. ‘ಝೆರಾಕ್ಸ್ ಎಲ್ಲಿ ಮಾಡಿಸ್ತಾರ?’ ಎಂದು ನನ್ನನ್ನು ಕೇಳಿದರು. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಅವರಿಗೆ ಅದನ್ನು ತಿಳಿಯುವ ಪ್ರಸಂಗ ಬಂದಿರಲಿಲ್ಲ. ಗೇಟಿನ ಎದುರಿಗೆ, ಯಮನೂರಸಾಬನ ಅಂಗಡಿ ಎಂದೆ. ನಾನು ಹೋಗುತ್ತೇನೆ ಎಂದು ಫರ್ಹಾನಾ ಎದ್ದಳು. ಅವರು ಕೈಯಾಡಿಸಿ, ಬಿಸಿಲಿಗೆ ಒಂದು ಕೈ ಹಣೆಗೆ ಅಡ್ಡ ಹಿಡಿದುಕೊಂಡು ಇಳಿದು ಹೋದರು.

ಅವರು ಬರುವವರೆಗೆ ನಾವಿಬ್ಬರು ಸ್ಪೈರಲ್ ಸುರುಳಿಗಳನ್ನು ತಿರುವಿ ತಿರುವಿ ಬಿಚ್ಚಿದೆವು. ಪ್ಲಾಸ್ಟಿಕ್ಕಿನ ಆ ಸುರುಳಿ ಬಿಚ್ಚುವುದು ಸುಲಭ, ಮತ್ತೆ ಏರಿಸುವುದು ಪ್ರಾಣಸಂಕಟ. ಮೂರನೆಯ ಪ್ರತಿ ಬಿಚ್ಚುವಾಗ ಸಭಾಂಗಣದಲ್ಲಿ ಚಪ್ಪಾಳೆಯಾಗಿ ಬಾಗಿಲು ತೆರೆಯಿತು. ವಾಣಿಶ್ರೀಯವರು ಓಡಿ ಬಂದರು.

‘ಅಯ್ಯೋ, ಉಮಚಗಿ ಸರ್ ಎಲ್ಲಿ? ಅವರನ್ನ ಒಳಗೆ ಕರೆಯೋದೇ ಮರೆತುಬಿಟ್ವಿ! ಬೇಜಾರು ಮಾಡಿಕೊಂಡು ಹೋಗಿಬಿಟ್ರಾ?’

‘ಇಲ್ರಿ ಮೇಡಂ, ಝೆರಾಕ್ಸ್ ಮಾಡಿಸಾಕ ಹೋಗ್ಯಾರ.’

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಅಷ್ಟರಲ್ಲಿ ಸರ್ ಮೆಟ್ಟಿಲು ಹತ್ತಿ ಬಂದರು. ಕುತ್ತಿಗೆಯೆಲ್ಲ ಬೆವರು. ಹಾಳೆಯ ಕಟ್ಟನ್ನು ಎದೆಗೆ ಒತ್ತಿ ಹಿಡಿದಿದ್ದರು.

‘ಸರ್, ಸಾರಿ ಸರ್. ಬನ್ನಿ, ಪ್ರಮಾಣಪತ್ರ ಕೊಡ್ತಿದಾರೆ. ನಿರ್ದೇಶಕರೇ ಕೊಡ್ತಿದಾರೆ.’

‘ಉಳದವ್ರಿಗೆ ಕೊಡ್ರಿ ಮೇಡಂ. ನಂದು ಇನ್ನೂ ಮುಗದಿಲ್ಲ.’

ಒಳಗೆ ಒಬ್ಬೊಬ್ಬರ ಹೆಸರು ಕೂಗುತ್ತಿದ್ದರು. ಹೊರಗೆ ನಾವು ಮೂವರು ಹಾಳೆ ಸೇರಿಸಿದೆವು. ಸರ್‌ಗೆ ಆ ಕೆಲಸ ಬರುತ್ತಿರಲಿಲ್ಲ. ಮೊದಲ ಪ್ರತಿಯಲ್ಲಿ ಎರಡು ಪುಟ ತಲೆಕೆಳಗಾಗಿ ಸೇರಿಸಿದರು. ಫರ್ಹಾನಾ ತೆಗೆದು ಸರಿಮಾಡಿದಳು. ಆಮೇಲೆ ಅವರು ಹಾಳೆಗಳನ್ನು ಎಣಿಸಿ ಕೊಡುವುದನ್ನಷ್ಟೇ ಮಾಡಿದರು. ನಾಲ್ಕನೆಯದರ ಸುರುಳಿ ಏರುವ ಹೊತ್ತಿಗೆ ಐದೂ ಹತ್ತು.

ಉಳಿದದ್ದು ಪ್ರಮಾಣೀಕರಣದ ಹಾಳೆ. ‘ಈ ಪ್ರಬಂಧವು ನನ್ನ ಮಾರ್ಗದರ್ಶನದಲ್ಲಿ ಸಿದ್ಧವಾಗಿದ್ದು, ಇದನ್ನು ನಾನು ಪೂರ್ಣವಾಗಿ ಓದಿ ಒಪ್ಪಿದ್ದೇನೆ.’ ಕೆಳಗೆ ಸಹಿ, ತಾರೀಖು. ಉಮಚಗಿ ಸರ್ ಪೆನ್ನಿನ ಮುಚ್ಚಳ ತೆಗೆದು ಅದನ್ನು ಓದಿದರು. ಅಷ್ಟು ವರ್ಷ ಅವರು ಅಂಥ ಹಾಳೆಗಳಿಗೆ ಹಾಕಿದ ಒಂದು ಸಹಿಯೂ ಸುಳ್ಳಾಗಿರಲಿಲ್ಲ.

‘ಮುದಕಪ್ಪ, ಇದರಾಗ ಎರಡ ಮಾತು ತಿದ್ದಾಕ ಬರತೈತೇನು?’

‘ಯಾವ ಎರಡು ಸರ್?’

‘ನನ್ನ ಮಾರ್ಗದರ್ಶನದಾಗ ಅನ್ನೂದು ಒಂದು. ಪೂರ್ಣ ಓದೇನಿ ಅನ್ನೂದು ಒಂದು. ಇನ್ನೂ ನಾಲ್ವತ್ತೇಳು ಪುಟ ಉಳದಾವು.’

‘ತಿದ್ದಾಕ ಬರಂಗಿಲ್ರಿ. ನಮೂನಿ ಅದು. ತಿದ್ದಿದ್ರ ನಾ ತಗೊಳ್ಳಾಕ ಬರಂಗಿಲ್ಲ.’

ಅವರು ಪೆನ್ನು ಹಿಡಿದು ಕೂತರು. ಫರ್ಹಾನಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಗಡಿಯಾರವನ್ನು ಅವಳು ನೋಡಲಿಲ್ಲ, ನಾನು ನೋಡಿದೆ. ಐದು ಹೊಡೆದು ಹದಿನಾಲ್ಕು ನಿಮಿಷವಾಗಿತ್ತು, ಹದಿನಾರು ಉಳಿದಿತ್ತು. ನಿಯಮ ಬಿಟ್ಟು ಒಂದು ಮಾತು ಆಡಬೇಕೆಂದು ನಾಲಿಗೆಯ ತುದಿಗೆ ಬಂತು. ಆಡಲಿಲ್ಲ. ಅದು ನಾನು ಹೇಳಿ ಆಗುವ ಕೆಲಸವಲ್ಲ ಅನ್ನಿಸಿತು. ಅಥವಾ ಹಾಗೆ ಅನ್ನಿಸಿಕೊಂಡೆ.

ಅವರು ಸಹಿ ಮಾಡಿದರು. ನಾಲ್ಕೂ ಪ್ರತಿಗಳಿಗೆ, ಅವಸರವಿಲ್ಲದೆ, ಪೂರ್ಣ ಹೆಸರು ಬರೆದು. ‘ಓದಿದೆ’ ಎಂದು ಬರೆಯಲಿಲ್ಲ.

ನಾನು ಮೊಹರು ಒತ್ತಿ, ಸ್ವೀಕೃತಿ ಬರೆದು ಫರ್ಹಾನಾಳ ಕೈಗೆ ಕೊಟ್ಟೆ. ಅವಳು ಅದನ್ನು ಓದಿ ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು. ಸರ್‌ಗೆ ಉಪಕಾರವಾಯಿತೆಂದು ಹೇಳುತ್ತಾಳೇನೋ ಎಂದು ಕಾದೆ. ಅವರು ಅದಕ್ಕೆ ಕಾದಂತೆ ಕಾಣಲಿಲ್ಲ.

‘ನೀಲಗಂಗವ್ವ ಅದಾಳೇನು ಈಗ?’ ಎಂದು ಅವರು ಕೇಳಿದರು.

‘ಅದಾರ್ರಿ. ಡಂಬಳದಾಗ, ಮಗನ ಮನ್ಯಾಗ. ಅವತ್ತ ಹೊಟ್ಟ್ಯಾಗ ಇದ್ದ ಮಗನ ಮನಿ. ಮೌಖಿಕ ಪರೀಕ್ಷಾಕ್ಕ ಕರಕೊಂಡ ಬರತೇನಂತ ಮಾತ ಕೊಟ್ಟೇನಿ. ಯಾರ ಬೇಕಾದ್ರೂ ಬರಬಹುದಂತಲ್ರಿ ಅದಕ್ಕ?’

ಮೌಖಿಕ ಪರೀಕ್ಷೆ ನಮ್ಮಲ್ಲಿ ಬಹಿರಂಗ. ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆಯನ್ನೂ ಕೇಳಬಹುದು. ಮಾರ್ಗದರ್ಶಕರು ಸಭೆಗೆ ಮುಖಮಾಡಿ ಕೂರಬೇಕು. ಅದೂ ನಿಯಮವೇ. ನಾನು ಹೌದೆಂದು ತಲೆಯಾಡಿಸಿದೆ.

ಉಮಚಗಿ ಸರ್ ಬೆಂಚಿನ ಮೇಲೆ ಮತ್ತೆ ಕೂತುಕೊಂಡರು. ಒಳಗಿನಿಂದ ಗುಂಪು ಫೋಟೋಕ್ಕೆ ಕುರ್ಚಿ ಎಳೆಯುವ ಸದ್ದು ಬರುತ್ತಿತ್ತು.

‘ಬರಲಿ’ ಎಂದರು. ‘ಮುಂದಿನ ಸಾಲಿನ್ಯಾಗ ಕುಂಡ್ರಸು. ಆದ್ರ ನಾ ಯಾರಂತ ಆಕೀಗೆ ನೀ ಹೇಳಬ್ಯಾಡ, ಫರ್ಹಾನಾ. ನಾನ ಹೇಳತೇನಿ.’

ಅವಳು ಖಾಲಿ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಲಕ್ಷ್ಮೇಶ್ವರದ ಬಸ್ಸಿಗೆ ಹೊತ್ತಾಗಿತ್ತು.

‘ಅವ್ರಿಗೆ ಗೊತ್ತೈತ್ರಿ, ಸರ್’ ಎಂದಳು.